ಹೊಸ ರೆಟ್ರೊ ಬೈಕ್: ಡೆಲಿವರಿಯಿಂದ ಮೊದಲ ಗಿರಿಯವರೆಗೆ ಚಿಕ್ಕಮಗಳೂರಿನ ಸವಾರರಿಗೊಂದು ಸಮಗ್ರ ಮಾರ್ಗದರ್ಶಿ

ಬೈಕ್ ಕೊಳ್ಳುವ ಮುನ್ನ ಬಣ್ಣ, ಬೆಲೆ, ಮೈಲೇಜುಗಳ ಬಗ್ಗೆ ತಿಂಗಳುಗಟ್ಟಲೆ ವಿಚಾರ ಮಾಡುವ ನಾವು, ಡೆಲಿವರಿಯ ದಿನ ಮಾತ್ರ ಅರ್ಧ ಗಂಟೆಯಲ್ಲಿ ಹತ್ತು ಕಡೆ ಸಹಿ ಹಾಕಿ, ಹಾರ ಹಾಕಿಸಿ, ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತೇವೆ. ಈ ಸಲ ಸಂಕ್ರಾಂತಿ ಕಳೆದ ಮೇಲೆ ಚಿಕ್ಕಮಗಳೂರಿನಲ್ಲಿ 350 ಸಿಸಿ ವರ್ಗದ ರೆಟ್ರೊ ಬೈಕೊಂದನ್ನು ಕೊಂಡಾಗ ನಾನು ಆ ಅವಸರಕ್ಕೆ ಅವಕಾಶ ಕೊಡಲಿಲ್ಲ. ಅದರಿಂದ ಆದ ಲಾಭವನ್ನು ಇತರರಿಗೂ ಹೇಳಬೇಕೆಂದು ಈ ಲೇಖನ. ನಾನು ಒತ್ತಿ ಹೇಳಬಯಸುವುದು ಎರಡು ವಿಷಯಗಳನ್ನು: ಬೈಕನ್ನು ನೋಂದಣಿಗೆ ಮುನ್ನವೇ ಪರೀಕ್ಷಿಸಬೇಕು, ಮೊದಲ ಸರ್ವೀಸ್ ಆಗುವವರೆಗೆ ದೊಡ್ಡ ಏರಿಲ್ಲದ ರಸ್ತೆಗಳಲ್ಲೇ ಓಡಿಸಿ, ಗಿರಿಯ (ಮುಳ್ಳಯ್ಯನಗಿರಿ ಬೆಟ್ಟಸಾಲಿನ) ಕಡೆಗೆ ಹ್ಯಾಂಡಲ್ ತಿರುಗಿಸುವುದನ್ನು ಆಮೇಲೆ ಇಟ್ಟುಕೊಳ್ಳಬೇಕು. ನಮ್ಮೂರು ಮಲೆನಾಡು ಮತ್ತು ಬಯಲುಸೀಮೆ ಕೂಡುವ ಜಾಗದಲ್ಲಿರುವುದರಿಂದ, ಯಾವ ದಿಕ್ಕಿಗೆ ಹೊರಡಬೇಕೆಂಬ ಆಯ್ಕೆ ಊರಿನ ಸರ್ಕಲ್ಲಿನಲ್ಲೇ ನಮ್ಮ ಕೈಯಲ್ಲಿರುತ್ತದೆ.

ಈ ಬಗೆಯ ಬೈಕಿನ ಸ್ವಭಾವ

ರೆಟ್ರೊ ಎಂಬ ಮಾತು ಹೊಸದಾದರೂ ಆ ರೂಪ ನಮ್ಮ ಭಾಗದವರಿಗೆ ಹೊಸದಲ್ಲ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳು ಹಾಸನ, ಚಿಕ್ಕಮಗಳೂರಿನ ತೋಟದ ರಸ್ತೆಗಳಲ್ಲಿ ದಶಕಗಳ ಕಾಲ ಓಡಾಡಿವೆ. ನಮ್ಮ ದೊಡ್ಡಪ್ಪನ ಯೆಜ್ಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ ಆಗಿದ್ದುದು ನನಗೆ ಇನ್ನೂ ನೆನಪಿದೆ. ಲಿವರನ್ನು ಒಳಕ್ಕೆ ಒತ್ತಿ ಮೇಲೆತ್ತಿ ತುಳಿದರೆ ಕಿಕ್, ಕೆಳಕ್ಕೆ ತಂದರೆ ಗೇರ್. ಇಂದಿನ ಬೈಕುಗಳು ದುಂಡು ಹೆಡ್‌ಲೈಟ್, ನೀರಿನ ಹನಿಯಂಥ ಟ್ಯಾಂಕ್, ಕಡ್ಡಿ ಚಕ್ರ, ಹೊಳೆಯುವ ಸೈಲೆನ್ಸರ್ ಮುಂತಾದ ಹಳೆಯ ಲಕ್ಷಣಗಳನ್ನು ಉಳಿಸಿಕೊಂಡಿದ್ದರೂ ಒಳಗೆ ಪೂರ್ತಿ ಈ ಕಾಲದವು: ಫ್ಯೂಯೆಲ್ ಇಂಜೆಕ್ಷನ್, ಡಿಸ್ಕ್ ಬ್ರೇಕ್, ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಎಲ್ಲವೂ ಇವೆ.

ಎಂಜಿನ್ನಿನ ರಚನೆಯನ್ನು ಸ್ವಲ್ಪ ತಿಳಿದಿದ್ದರೆ ಮುಂದೆ ಓಡಿಸುವ ರೀತಿ ತಾನಾಗಿ ಅರ್ಥವಾಗುತ್ತದೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿ ಸಿಲಿಂಡರಿನ ಅಗಲ 72 ಮಿ.ಮೀ., ಪಿಸ್ಟನ್ ಚಲಿಸುವ ದೂರ 85.8 ಮಿ.ಮೀ.; ಹೋಂಡಾ ಹೈನೆಸ್ ಸಿಬಿ 350ರಲ್ಲಿ ಇವು 70 ಮತ್ತು 90.5 ಮಿ.ಮೀ. ಅಗಲಕ್ಕಿಂತ ಚಲನೆ ಉದ್ದವಾಗಿರುವ ಇಂಥ ಎಂಜಿನ್ ಕಡಿಮೆ ಸುತ್ತಿನಲ್ಲೇ ಗಟ್ಟಿಯಾಗಿ ಎಳೆಯುತ್ತದೆ, ಆದರೆ ಹೆಚ್ಚು ಸುತ್ತಿಗೆ ಏರಲು ಇಷ್ಟಪಡುವುದಿಲ್ಲ. ಕ್ಲಾಸಿಕ್ 350ರ 27 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ನಿಮಿಷಕ್ಕೆ 4000 ಸುತ್ತಿಗೇ ಪೂರ್ತಿಯಾಗಿ ಸಿಗುತ್ತದೆ. ತೂಕವೂ ಗಮನಿಸಬೇಕಾದದ್ದು: ಆ ಬೈಕ್ 195 ಕಿಲೊ ಇದ್ದರೆ ಹೈನೆಸ್ 181 ಕಿಲೊ ಇದೆ. ನೂರಹತ್ತು ಕಿಲೊ ಆಸುಪಾಸಿನ ಬೈಕನ್ನು ದಿನವೂ ಓಡಿಸಿ ರೂಢಿಯಾದವರು, ಬುಕ್ ಮಾಡುವ ಮುನ್ನ ಅದನ್ನು ಮೇನ್ ಸ್ಟ್ಯಾಂಡಿನಿಂದ ಒಮ್ಮೆ ಇಳಿಸಿ ನಾಲ್ಕು ಹೆಜ್ಜೆ ಹಿಂದಕ್ಕೆ ತಳ್ಳಿ ನೋಡುವುದು ಒಳ್ಳೆಯದು.

ಕಡ್ಡಿ ಚಕ್ರವೋ ಅಲಾಯ್ ಚಕ್ರವೋ ಎಂಬ ಪ್ರಶ್ನೆಗೆ ನನ್ನ ಉತ್ತರ ಅವರವರ ಓಡಾಟವನ್ನು ನೋಡಿ ಹೇಳುವಂಥದ್ದು. ಕಡ್ಡಿ ಚಕ್ರದ ಟೈರುಗಳು ಸಾಮಾನ್ಯವಾಗಿ ಟ್ಯೂಬ್ ಇರುವಂಥವು. ಚಾರ್ಮಾಡಿ ಘಾಟಿಯಲ್ಲೋ ಬಾಳೆಹೊನ್ನೂರಿನ ದಾರಿಯ ಒಂಟಿ ತಿರುವಿನಲ್ಲೋ ಪಂಕ್ಚರ್ ಆದರೆ ಚಕ್ರವನ್ನೇ ಬಿಚ್ಚಬೇಕಾಗುತ್ತದೆ. ವಾರಕ್ಕೆರಡು ಸಲ ದೂರ ಹೋಗುವವರಿಗೆ ಟ್ಯೂಬ್‌ಲೆಸ್ ಅಲಾಯ್ ಚಕ್ರವೇ ಲೇಸು. ನಾನು ಕಡ್ಡಿ ಚಕ್ರವನ್ನೇ ಆರಿಸಿಕೊಂಡೆ, ಏಕೆಂದರೆ ಈ ಬೈಕಿನ ಅಂದ ಅರ್ಧ ಅದರಲ್ಲಿದೆ ಎಂಬುದು ನನ್ನ ನಂಬಿಕೆ.

ಹಣ ಕಟ್ಟುವ ಮುನ್ನ

ಆನ್‌ರೋಡ್ ದರವನ್ನು ಒಟ್ಟು ಮೊತ್ತವಾಗಿ ಕೇಳದೆ ಬಿಡಿಬಿಡಿಯಾಗಿ ಬರೆಸಿಕೊಳ್ಳಿ: ಎಕ್ಸ್ ಶೋರೂಂ ದರ, ಜೀವಿತಾವಧಿ ತೆರಿಗೆ ಮತ್ತು ನೋಂದಣಿ, ವಿಮೆ, ಬಿಡಿಭಾಗಗಳು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದ್ದು, ಅದಕ್ಕಿಂತ ದೊಡ್ಡ ಎಂಜಿನ್ನಿನವಕ್ಕೆ ಶೇ. 40 ಆಗಿದೆ, ಹಳೆಯ ದರಪಟ್ಟಿಯನ್ನು ಹಿಡಿದು ಲೆಕ್ಕ ಹಾಕಬೇಡಿ. ವಿಮೆಯನ್ನು ಶೋರೂಮಿನವರಿಂದಲೇ ಕೊಳ್ಳಬೇಕೆಂಬ ಕಡ್ಡಾಯವಿಲ್ಲ. ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸ್ವಂತ ವಾಹನದ ಹಾನಿಗೆ ರಕ್ಷಣೆ ಕೊಡುವ ಭಾಗ ನಿಮ್ಮ ಆಯ್ಕೆಗೆ ಬಿಟ್ಟದ್ದು, ಆದರೆ ಮಳೆಗಾಲದಲ್ಲಿ ಮರ ಬೀಳುವ ನಮ್ಮ ಊರುಗಳಲ್ಲಿ ಅದನ್ನು ಬಿಡುವುದು ಜಾಣತನವಲ್ಲ.

ಪೂರ್ತಿ ಹಣ ಕಟ್ಟುವ ಮೊದಲು, ನಿಮಗೆ ಕೊಡಲಿರುವ ಬೈಕಿನ ಚಾಸಿಸ್ ನಂಬರನ್ನು ಕೇಳಿ ಪಡೆಯಿರಿ. ನಂಬರ್ ಕೈಗೆ ಬಂದ ಮೇಲೆ, ನೋಂದಣಿಗೆ ಕಾಗದ ಹೋಗುವ ಮುನ್ನ, ಗೋದಾಮಿನಲ್ಲೋ ಶೋರೂಮಿನ ಹಿಂಭಾಗದಲ್ಲೋ ನಿಂತಿರುವ ಅದೇ ಬೈಕನ್ನು ನೋಡಲು ಒಂದು ದಿನ ಗೊತ್ತುಮಾಡಿಕೊಳ್ಳಿ. ನೋಂದಣಿ ಆಗದ ವಾಹನವನ್ನು ಮಾಲೀಕರಿಗೆ ಹಸ್ತಾಂತರಿಸುವಂತಿಲ್ಲ ಎಂಬುದು ನಿಯಮ. ಹಾಗಾಗಿ ಡೆಲಿವರಿಯ ದಿನ ನಿಮ್ಮೆದುರು ನಿಲ್ಲುವ ಬೈಕ್ ಆಗಲೇ ನಿಮ್ಮ ಹೆಸರಿಗೆ ಬಂದಿರುತ್ತದೆ. ಅಂದು ಟ್ಯಾಂಕಿನ ಮೇಲೆ ಗೀರು ಕಂಡರೂ ಬದಲಿ ಬೈಕ್ ಸಿಗುವುದಿಲ್ಲ, ಪಾಲಿಶ್ ಮಾತ್ರ ಸಿಗುತ್ತದೆ.

ಹಗಲು ಬೆಳಕಿನಲ್ಲಿ ಪರೀಕ್ಷೆ

ಈ ಪರೀಕ್ಷೆಗೆ ಬೆಳಿಗ್ಗೆ ಹೋಗಿ, ಬೈಕನ್ನು ಹೊರಗೆ ತರಿಸಿ. ಶೋರೂಮಿನ ದೀಪದ ಕೆಳಗೆ ಎಲ್ಲ ಬಣ್ಣವೂ ಚೆನ್ನಾಗಿಯೇ ಕಾಣುತ್ತದೆ. ಟ್ಯಾಂಕಿಗೆ ಕಣ್ಣನ್ನು ಸಮನಾಗಿ ತಂದು ಓರೆಯಾಗಿ ನೋಡಿದರೆ ಅದರಲ್ಲಿ ಬೀಳುವ ಆಕಾಶದ ಪ್ರತಿಬಿಂಬ ಎಲ್ಲೂ ಮುರಿಯಬಾರದು. ಮುರಿದ ಕಡೆ ಸಣ್ಣ ತಗ್ಗು ಇರುತ್ತದೆ. ಮಡ್‌ಗಾರ್ಡಿನ ಒಳ ಅಂಚು, ಸೈಲೆನ್ಸರಿನ ಕೆಳಭಾಗ, ಮುಂದಿನ ಫೋರ್ಕಿನ ಕೊಳವೆಗಳ ಮೇಲೆ ಬೆರಳಾಡಿಸಿ. ಕ್ರೋಮ್ ಇರುವ ಕಡೆ ತುಕ್ಕಿನ ಚುಕ್ಕೆ ಇದ್ದರೆ ಬೈಕ್ ಬಹಳ ದಿನ ಮಳೆಯಲ್ಲೋ ಥಂಡಿಯಲ್ಲೋ ನಿಂತಿತ್ತೆಂದು ತಿಳಿಯಬೇಕು.

ಟೈರಿನ ಬದಿಯಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕೆಗಳಿರುತ್ತವೆ. 4125 ಎಂದಿದ್ದರೆ ಆ ಟೈರು 2025ರ 41ನೇ ವಾರ ತಯಾರಾದದ್ದು. ಬೈಕ್ ತಯಾರಾದ ತಿಂಗಳು ಮತ್ತು ವರ್ಷ ಮಾರಾಟ ಪತ್ರವಾದ ಫಾರಂ 21ರಲ್ಲಿ ಇರುತ್ತದೆ. ಎರಡನ್ನೂ ಹೋಲಿಸಿ ನೋಡಿ. ವರ್ಷದ ಆರಂಭದಲ್ಲಿ ಕೊಳ್ಳುವವರಿಗೆ ಹಿಂದಿನ ವರ್ಷದ ಬೈಕ್ ಬರುವುದುಂಟು. ಅದು ತಪ್ಪಲ್ಲ, ಆದರೆ ಗೊತ್ತಿದ್ದು ಕೊಳ್ಳಬೇಕು, ರಿಯಾಯಿತಿಯನ್ನೂ ಕೇಳಬೇಕು.

ಕಡ್ಡಿ ಚಕ್ರವನ್ನು ಪರೀಕ್ಷಿಸುವ ವಿಧಾನವನ್ನು ನನಗೆ ಹೇಳಿಕೊಟ್ಟವರು ಹಳೆಯ ಯೆಜ್ಡಿಗಳನ್ನು ರಿಪೇರಿ ಮಾಡಿ ಕೈ ಪಳಗಿದ ಮೆಕ್ಯಾನಿಕ್ ಒಬ್ಬರು. ಬೈಕನ್ನು ಮೇನ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ, ಕೀಲಿಯಿಂದ ಒಂದೊಂದೇ ಕಡ್ಡಿಯನ್ನು ಹಗುರವಾಗಿ ತಟ್ಟಬೇಕು. ಬಿಗಿಯಾದ ಕಡ್ಡಿ ಣಿಂಗ್ ಎಂದು ಸ್ವರ ಕೊಡುತ್ತದೆ. ಸಡಿಲವಾದದ್ದು ಮರ ತಟ್ಟಿದಂತೆ ಮಂದವಾಗಿ ಸದ್ದು ಮಾಡುತ್ತದೆ. ನನ್ನ ಬೈಕಿನಲ್ಲಿ ಆ ದಿನ ಎಲ್ಲ ಕಡ್ಡಿಗಳೂ ಹೆಚ್ಚುಕಡಿಮೆ ಒಂದೇ ಸ್ವರದಲ್ಲಿದ್ದವು. ಚಕ್ರ ತಿರುಗುವಾಗ ರಿಮ್ಮಿನ ಅಂಚು ಎಡಬಲಕ್ಕೆ ಓಲಾಡುತ್ತಿದೆಯೇ ಎಂಬುದನ್ನೂ ಒಂದು ಬೆರಳನ್ನು ಹತ್ತಿರ ಹಿಡಿದು ನೋಡಿಬಿಡಿ.

ಆಮೇಲೆ ಸ್ವಿಚ್ ಆನ್ ಮಾಡಿ ಮೀಟರ್ ಗಮನಿಸಿ. ಹೊಸ ಬೈಕಿನ ಮೀಟರಿನಲ್ಲಿ ಕೆಲವು ಕಿಲೋಮೀಟರ್ ಇರುವುದು ಸಹಜ, ನೂರರ ಹತ್ತಿರ ಇದ್ದರೆ ಕಾರಣ ಕೇಳಬೇಕು. ಎಬಿಎಸ್ ದೀಪ ಹೊತ್ತಿಕೊಂಡು, ಬೈಕ್ ಸ್ವಲ್ಪ ದೂರ ಚಲಿಸಿದ ಮೇಲೆ ಆರಬೇಕು; ಮೊದಲಿನಿಂದಲೂ ಹೊತ್ತದಿದ್ದರೂ, ಓಡುವಾಗ ಆರದಿದ್ದರೂ ಅದು ದೋಷವೇ. ಹಾರ್ನ್, ಇಂಡಿಕೇಟರ್, ಎರಡು ಬ್ರೇಕಿಗೂ ಹಿಂದಿನ ಕೆಂಪು ದೀಪ, ಹ್ಯಾಂಡಲ್ ಲಾಕ್, ಚೈನಿನ ಸಡಿಲ ಇವನ್ನೆಲ್ಲ ನೋಡಲು ಐದು ನಿಮಿಷ ಸಾಕು. ಸೀಟು ಅಥವಾ ಪಕ್ಕದ ಡಬ್ಬಿ ತೆಗೆಸಿ ಬ್ಯಾಟರಿಯ ಎರಡು ತುದಿಗಳ ಸ್ಕ್ರೂಗಳನ್ನು ಬಿಗಿ ಮಾಡಿಸಿ. ಕಲ್ಲು ರಸ್ತೆಯಲ್ಲಿ ಮೊದಲು ಕೈಕೊಡುವುದು ಅದೇ.

ಕಾಗದಪತ್ರದಲ್ಲಿ ಒಂದು ಅಂಕೆ

ಫಾರಂ 21, ತಯಾರಕರು ಕೊಡುವ ಫಾರಂ 22, ವಿಮೆಯ ಪತ್ರ, ತೆರಿಗೆ ರಶೀದಿ, ಹಣ ಕಟ್ಟಿದ ರಶೀದಿ, ವಾರಂಟಿ ಪುಸ್ತಕ, ಎರಡು ಕೀಲಿ, ಟೂಲ್ ಕಿಟ್ ಇವಿಷ್ಟೂ ಕೈಗೆ ಬಂದಿವೆಯೇ ನೋಡಿಕೊಳ್ಳಿ. ಸಾಲದಲ್ಲಿ ಕೊಂಡವರ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಸರಿಯಾಗಿ ಬಂದಿರಬೇಕು. ದ್ವಿಚಕ್ರ ವಾಹನದ ಜೊತೆ ಐಎಸ್‌ಐ ಗುರುತಿನ ಹೆಲ್ಮೆಟ್ ಕೊಡಬೇಕೆಂದು ನಿಯಮವಿದೆ, ಕೇಳಿ ಪಡೆಯಿರಿ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಕಡ್ಡಾಯವಾಗಿರುವುದರಿಂದ, ಹಳೆಯ ಬೈಕಿನ ಅಂದಕ್ಕೆ ಒಪ್ಪುತ್ತದೆಂದು ಕೈಬರಹದ ಪ್ಲೇಟ್ ಬರೆಸುವ ಆಸೆಯನ್ನು ಬಿಡಬೇಕು. ಚಿಕ್ಕಮಗಳೂರಿನ ನೋಂದಣಿ ಕೆಎ-18, ಹಾಸನದ್ದು ಕೆಎ-13, ಸಕಲೇಶಪುರದ್ದು ಕೆಎ-46.

ಇವೆಲ್ಲಕ್ಕಿಂತ ಮುಖ್ಯವಾದ ಕೆಲಸ ಒಂದಿದೆ. ಬೈಕಿನ ಪಕ್ಕ ಕುಳಿತು, ಹ್ಯಾಂಡಲ್ ಕೆಳಗಿನ ಚೌಕಟ್ಟಿನಲ್ಲಿ ಕೊರೆದಿರುವ 17 ಅಕ್ಷರಾಂಕೆಗಳ ಚಾಸಿಸ್ ನಂಬರನ್ನೂ ಎಂಜಿನ್ ನಂಬರನ್ನೂ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಫಾರಂ 21 ಮತ್ತು ವಿಮೆಯ ಪತ್ರದಲ್ಲಿ ಬೆರಳಿಟ್ಟು ಹೋಲಿಸಬೇಕು. ಕೆಲವು ವರ್ಷಗಳ ಹಿಂದೆ ನಾನು ಸ್ಕೂಟರ್ ಕೊಂಡಾಗ ಇದನ್ನು ಮಾಡಿರಲಿಲ್ಲ. ಆಷಾಢದ ಗಾಳಿಗೆ ಸಿಲ್ವರ್ ಓಕ್ ಕೊಂಬೆ ಅದರ ಮೇಲೆ ಮುರಿದುಬಿದ್ದು ವಿಮೆಗೆ ಅರ್ಜಿ ಹಾಕಿದಾಗ, ವಿಮೆಯ ಪತ್ರದ ಎಂಜಿನ್ ನಂಬರಿನಲ್ಲಿ 3 ಇರಬೇಕಾದ ಕಡೆ 8 ಇದೆಯೆಂದು ಗೊತ್ತಾಯಿತು. ತಪ್ಪು ಟೈಪ್ ಮಾಡಿದವರು ಮಾರಿದವರು. ಅದನ್ನು ತಿದ್ದಿಸಲು ಮೂರು ವಾರ ಅಲೆದವನು ನಾನು. ಈ ಸಲ ಮಗಳು ಓದಿದಳು, ನಾನು ಹೋಲಿಸಿದೆ. ಹತ್ತು ನಿಮಿಷ ಕೂಡ ಹಿಡಿಯಲಿಲ್ಲ.

ಪೂಜೆ

ಹೊಸ ಗಾಡಿಗೆ ಪೂಜೆ ಮಾಡಿಸದೆ ನಮ್ಮಲ್ಲಿ ಯಾರೂ ಮನೆಗೆ ತರುವುದಿಲ್ಲ, ತರಲೂಬಾರದು. ಆದರೆ ನೀರಿನಲ್ಲಿ ಕಲಸಿದ ಅರಿಶಿನ, ಕುಂಕುಮ ಮ್ಯಾಟ್ ಬಣ್ಣದ ಮೇಲೆ ಒಣಗಿದರೆ ಕಲೆ ಉಳಿಯುತ್ತದೆ; ಅರ್ಚಕರಿಗೆ ಮೊದಲೇ ಹೇಳಿ ಹೆಡ್‌ಲೈಟಿನ ಗಾಜಿಗೋ ನಂಬರ್ ಪ್ಲೇಟಿನ ಪಕ್ಕಕ್ಕೋ ಇಡಿಸಿ. ಹಾರವನ್ನು ಮುಂದಿನ ಬ್ರೇಕ್ ಲಿವರಿಗೆ, ಡಿಸ್ಕಿಗೆ ತಾಗದಂತೆ ಕಟ್ಟಿ. ಮನೆಗೆ ಹೊರಡುವ ಮುನ್ನ ತೆಗೆದುಬಿಡುವುದು ಇನ್ನೂ ಕ್ಷೇಮ. ನಿಂಬೆಹಣ್ಣಿನ ಮೇಲೆ ಹತ್ತಿಸುವಾಗ ಎಂಜಿನ್ ಆನ್ ಮಾಡಿ ಕ್ಲಚ್ ಬಿಡುವ ಬದಲು, ಇಬ್ಬರು ಸೇರಿ ತಳ್ಳಿದರೂ ಶಾಸ್ತ್ರ ಪೂರ್ತಿಯಾಗುತ್ತದೆ. ಹೊಸ ಕ್ಲಚ್ ಎಲ್ಲಿ ಹಿಡಿಯುತ್ತದೆಂದು ಕೈಗೆ ಇನ್ನೂ ಗೊತ್ತಿರುವುದಿಲ್ಲ, ಮುಂದೆ ಮನೆಯವರೆಲ್ಲ ನಿಂತಿರುತ್ತಾರೆ.

ಮೊದಲ ಹತ್ತು ಕಿಲೋಮೀಟರ್

ಶೋರೂಮಿನಿಂದ ಬರುವ ಬೈಕಿನಲ್ಲಿ ಪೆಟ್ರೋಲ್ ಬಂಕಿನವರೆಗೆ ಹೋಗುವಷ್ಟು ಮಾತ್ರ ಇರುತ್ತದೆ. ಮೊದಲು ಅಲ್ಲಿಗೇ ಹೋಗಿ. ಹೊಸ ಟೈರಿನ ಮೈ ನುಣುಪಾಗಿರುವುದರಿಂದ ಮೊದಲ ನೂರೈವತ್ತು ಕಿಲೋಮೀಟರ್ ತಿರುವುಗಳಲ್ಲಿ ಹೆಚ್ಚು ಬಾಗಿಸಬೇಡಿ. ಬ್ರೇಕ್ ಪ್ಯಾಡುಗಳೂ ಡಿಸ್ಕಿಗೆ ಹೊಂದಿಕೊಳ್ಳಲು ಸಮಯ ತೆಗೆದುಕೊಳ್ಳುವುದರಿಂದ, ಮುಂದಿನ ವಾಹನದಿಂದ ಎಂದಿಗಿಂತ ಹೆಚ್ಚು ಅಂತರ ಇಟ್ಟುಕೊಳ್ಳಿ.

ಎಂ.ಜಿ. ರಸ್ತೆಯ ಸಂಜೆಯ ಜನಸಂದಣಿಯಲ್ಲಿ ನನಗಾದ ಮೊದಲ ಅನುಭವ ತೂಕದ್ದು. ನಡಿಗೆಯ ವೇಗದಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಬೈಕ್ ಒಂದು ಬದಿಗೆ ಒರಗಲು ನೋಡುತ್ತದೆ, ಆಗ ಮುಂದಿನ ಬ್ರೇಕ್ ಹಿಡಿದರೆ ಖಂಡಿತ ಬೀಳಿಸುತ್ತದೆ. ಅಂಥ ಕಡೆ ಹಿಂದಿನ ಬ್ರೇಕನ್ನು ಸ್ವಲ್ಪ ಒತ್ತಿಟ್ಟು, ಕ್ಲಚ್ಚನ್ನು ಅರ್ಧ ಹಿಡಿದು, ದೃಷ್ಟಿಯನ್ನು ಚಕ್ರದಿಂದ ಎತ್ತಿ ಹೋಗಬೇಕಾದ ಕಡೆಗೆ ನೆಟ್ಟರೆ ಅದೇ ಬೈಕ್ ಸುಲಭವಾಗಿ ತಿರುಗುತ್ತದೆ. ವೇಗ ಇಪ್ಪತ್ತು ದಾಟುತ್ತಲೇ ಆ ತೂಕ ಎಲ್ಲಿ ಹೋಯಿತೋ ತಿಳಿಯುವುದಿಲ್ಲ. ಬೆನ್ನು ನೆಟ್ಟಗೆ, ಕೈ ಸಡಿಲವಾಗಿ, ಕುರ್ಚಿಯಲ್ಲಿ ಕುಳಿತ ಹಾಗೆ ಕೂರುವುದರಿಂದ ಗದ್ದೆ, ಕೆರೆ, ಎದುರಿನ ಬೆಟ್ಟದ ಸಾಲು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಕಿವಿಗೆ ಬೀಳುವ ಬಡಿತವೂ ಬೇರೆಯೇ: ನಾಲ್ಕನೇ ಗೇರಿನಲ್ಲಿ ಐವತ್ತರ ಆಸುಪಾಸು ಪ್ರತಿಯೊಂದು ಬಡಿತವನ್ನೂ ಎಣಿಸಬಹುದೇನೋ ಎನ್ನುವಷ್ಟು ಬಿಡಿಬಿಡಿಯಾಗಿ ಕೇಳುತ್ತದೆ. ಇಷ್ಟವಾಗದ ಸಂಗತಿಗಳೂ ಇವೆ. ಸೀಟು ಒಂದು ಗಂಟೆಯ ನಂತರ ಗಟ್ಟಿಯೆನಿಸುತ್ತದೆ, ಹಿಂದಿನ ಸಸ್ಪೆನ್ಷನ್ ಸಣ್ಣ ಹಂಪನ್ನೂ ಬೆನ್ನಿಗೆ ಮುಟ್ಟಿಸುತ್ತದೆ, ಎಂಬತ್ತು ದಾಟಿದರೆ ಕಾಲಿಡುವ ಕಡೆ ನಡುಕ ಶುರುವಾಗುತ್ತದೆ.

ಎಂಜಿನ್ ಪಳಗಿಸಲು ಯಾವ ರಸ್ತೆ?

ಹೊಸ ಎಂಜಿನ್ನಿನಲ್ಲಿ ಪಿಸ್ಟನ್ನಿನ ರಿಂಗುಗಳೂ ಸಿಲಿಂಡರಿನ ಗೋಡೆಯೂ ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳಬೇಕು. ಅದಕ್ಕೆ ಎಂಜಿನ್ ಬೇರೆ ಬೇರೆ ಸುತ್ತುಗಳಲ್ಲಿ, ಹಗುರವಾದ ಭಾರದಲ್ಲಿ ಓಡುವುದು ಅಗತ್ಯ. ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸುವುದು, ಎಕ್ಸಲರೇಟರನ್ನು ಪೂರ್ತಿ ತಿರುಗಿಸುವುದು, ಇವೆರಡಕ್ಕಿಂತಲೂ ಕೆಟ್ಟದ್ದಾಗಿ ಏರಿನಲ್ಲಿ ದೊಡ್ಡ ಗೇರಿನಲ್ಲೇ ಎಂಜಿನ್ ಏದುಸಿರು ಬಿಡುವಂತೆ ಎಳೆಸುವುದು ಕೂಡದು. ಈ ಕಾರಣಕ್ಕಾಗಿಯೇ ಮೊದಲ ವಾರದಲ್ಲೇ ಇಬ್ಬರು ಕೂತು ಗಿರಿ ಹತ್ತುವುದನ್ನು ನಾನು ಬೇಡವೆನ್ನುತ್ತೇನೆ. ಊರು ಸುಮಾರು ಸಾವಿರ ಮೀಟರ್ ಎತ್ತರದಲ್ಲಿದ್ದರೆ ಮುಳ್ಳಯ್ಯನಗಿರಿ 1930 ಮೀಟರ್. ಇಷ್ಟು ಏರು ಇಪ್ಪತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ಮುಗಿಯುತ್ತದೆ. ಪಳಗದ ಎಂಜಿನ್ನಿಗೆ ಅದು ಹೊರೆ.

ಹಾಗೆಂದು ಬಯಲಿನ ಕಡೆಗೆ ಹೋಗುವ ಕಡೂರು ರಸ್ತೆಯೂ ನನ್ನ ಮೊದಲ ಆಯ್ಕೆಯಲ್ಲ. ಲಕ್ಯಾ ಕ್ರಾಸ್ ದಾಟಿ ಸಖರಾಯಪಟ್ಟಣದ ಕಡೆಗೆ ರಸ್ತೆ ನೇರವಾಗುವುದರಿಂದ ನಮಗೆ ಅರಿವಿಲ್ಲದೆ ಅರವತ್ತರಲ್ಲೇ ಅರ್ಧ ಗಂಟೆ ಹೋಗಿಬಿಡುತ್ತೇವೆ. ಬೇಲೂರು ರಸ್ತೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಇಪ್ಪತ್ತೈದು ಕಿಲೋಮೀಟರಿನಲ್ಲಿ ಸಣ್ಣ ಏರು, ಸಣ್ಣ ಇಳಿವು, ಊರುಗಳ ಹಂಪು, ನಡುವೆ ಬಿಚ್ಚಿಕೊಳ್ಳುವ ನೇರ ದಾರಿ ಎಲ್ಲವೂ ಬರುವುದರಿಂದ ಗೇರ್ ತಾನಾಗಿ ಬದಲಾಗುತ್ತಿರುತ್ತದೆ. ಬೇಲೂರಿನಲ್ಲಿ ಎಂಜಿನ್ ಆರಿಸಿ ಕಾಫಿ ಕುಡಿಯುವಷ್ಟು ಹೊತ್ತು ಬಿಟ್ಟು, ಹದಿನಾರು ಕಿಲೋಮೀಟರ್ ದೂರದ ಹಳೇಬೀಡಿಗೆ ಹೋಗಿ ಬಂದರೆ ಒಂದು ಬೆಳಗಿನ ಓಟ ಎಂಬತ್ತು ದಾಟುತ್ತದೆ. ಇಂಥ ಐದಾರು ಬೆಳಗುಗಳಲ್ಲಿ ನನ್ನ ಐನೂರು ಕಿಲೋಮೀಟರ್ ಮುಗಿಯಿತು. ವೇಗದ ಮಿತಿಯನ್ನು ನಿಮ್ಮ ಬೈಕಿನ ಕೈಪಿಡಿಯಲ್ಲಿರುವಂತೆಯೇ ಪಾಲಿಸಿ.

ಮೊದಲ ಸರ್ವೀಸ್ ಕಂಪನಿಯನ್ನು ಅವಲಂಬಿಸಿ 500ರಿಂದ 1000 ಕಿಲೋಮೀಟರಿನೊಳಗೆ ಬರುತ್ತದೆ. ಅದನ್ನು ತಪ್ಪಿಸಿದರೆ ವಾರಂಟಿಗೆ ತೊಂದರೆ. ಅದಕ್ಕಿಂತ ಹೆಚ್ಚಾಗಿ, ಉಜ್ಜಿ ಉದುರಿದ ಲೋಹದ ಪುಡಿ ಹಳೆಯ ಆಯಿಲ್‌ನಲ್ಲೇ ಸುತ್ತುತ್ತಿರುತ್ತದೆ. ನನ್ನ ಬೈಕಿನಿಂದ ಇಳಿಸಿದ ಆಯಿಲ್ ಅನ್ನು ಬಿಸಿಲಿಗೆ ಹಿಡಿದಾಗ ಅದರಲ್ಲಿ ಬೆಳ್ಳಿಯ ಪುಡಿಯಂಥ ಸಣ್ಣ ಹೊಳಪು ಕಂಡಿತು. ಮೊದಲ ಸಲ ಅದು ಸಹಜ. ಸರ್ವೀಸ್ ಆದ ಮೇಲೆ ಗೇರ್ ಬೀಳುವ ಖಟ್ ಎಂಬ ಸದ್ದು ಕಡಿಮೆಯಾಗಿ, ನ್ಯೂಟ್ರಲ್ ಸಿಗುವುದು ಸುಲಭವಾಯಿತು. ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ಮತ್ತೆ ತುಂಬಿಸುವವರೆಗಿನ ಲೆಕ್ಕದಲ್ಲಿ ಲೀಟರಿಗೆ 34 ಕಿ.ಮೀ. ಬಂತು.

ಈಗ ಗಿರಿಗೆ

ಗಿರಿ ಶ್ರೇಣಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಜಿಲ್ಲಾಡಳಿತ ಮುಂಗಡ ನೋಂದಣಿ ವ್ಯವಸ್ಥೆ ಮಾಡಿದೆ. ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ವಾರದ ನಡುವಿನ ದಿನ, ಬೆಳಿಗ್ಗೆ ಬೇಗ ಕೈಮರ ದಾಟುವುದು ಉತ್ತಮ. ಹತ್ತುವಾಗ ಈ ಎಂಜಿನ್ನಿನ ನಿಜವಾದ ಗುಣ ತಿಳಿಯುತ್ತದೆ: ತಿರುವಿನಲ್ಲಿ ಎರಡನೇ ಗೇರ್, ತಿರುವು ಮುಗಿದ ಮೇಲೆ ಮೂರನೇ ಗೇರ್, ಎಕ್ಸಲರೇಟರ್ ಅರ್ಧ ತಿರುಗಿಸಿದರೂ ಸಾಕು, ಕೂಗಾಟವಿಲ್ಲದೆ ಮೇಲೆ ಎಳೆದೊಯ್ಯುತ್ತದೆ.

ಇಳಿಯುವಾಗ ಮಾತ್ರ ಪೂರ್ತಿ ಗಮನ ಬೇಕು. ದೊಡ್ಡಪ್ಪನ ಯೆಜ್ಡಿಯಂಥ ಟೂ ಸ್ಟ್ರೋಕ್ ಬೈಕುಗಳಲ್ಲಿ ಎಕ್ಸಲರೇಟರ್ ಬಿಟ್ಟರೂ ಎಂಜಿನ್ ಅಷ್ಟಾಗಿ ಹಿಡಿದು ನಿಲ್ಲಿಸುತ್ತಿರಲಿಲ್ಲ, ಇಳಿವಿನ ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತಿತ್ತು. ಇಂದಿನ ಫೋರ್ ಸ್ಟ್ರೋಕ್ ಎಂಜಿನ್ ಎರಡನೇ ಗೇರಿನಲ್ಲಿ ಬೈಕನ್ನು ತಾನೇ ತಡೆದು ಹಿಡಿಯುತ್ತದೆ. ಆದ್ದರಿಂದ ಕ್ಲಚ್ ಹಿಡಿದೋ ನ್ಯೂಟ್ರಲ್ ಮಾಡಿಯೋ ಉರುಳಿಸಿಕೊಂಡು ಬರಬೇಡಿ, ಎಂಜಿನ್ ಆರಿಸುವುದಂತೂ ಬೇಡವೇ ಬೇಡ. ತಿರುವಿಗೆ ಮೊದಲೇ ಬ್ರೇಕ್ ಹಿಡಿದು ವೇಗ ಇಳಿಸಿ, ತಿರುವಿನ ಒಳಗೆ ಬಿಟ್ಟುಬಿಡಿ. ಸತತವಾಗಿ ಒತ್ತಿಟ್ಟರೆ ಡಿಸ್ಕ್ ಕಾದು ಹಿಡಿತ ಕಡಿಮೆಯಾಗುತ್ತದೆ. ಮಂಜು ಬಿದ್ದಾಗ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆಯೇ ಎದ್ದಂತಾಗುತ್ತದೆ, ಡಿಮ್ ದೀಪದಲ್ಲೇ ಹೋಗಿ. ತೋಟಗಳ ನಡುವಿನ ರಸ್ತೆಯಲ್ಲಿ ಮರದ ನೆರಳು ತಪ್ಪದ ಕಡೆ, ಮಳೆ ನಿಂತು ದಿನಗಳಾದರೂ ಅಂಚಿನಲ್ಲಿ ಪಾಚಿ ಉಳಿದಿರುತ್ತದೆ. ಎದುರಿನ ಬಸ್ಸಿಗೆ ದಾರಿ ಬಿಡಲು ಅಂಚಿಗೆ ಸರಿಯುವಾಗ ಬ್ರೇಕ್ ಮುಟ್ಟದೆ ಸರಿಯಬೇಕು.

ಮನೆಗೆ ಬಂದ ಮೇಲೆ ಚೈನಿಗೆ ಲ್ಯೂಬ್ ಹಾಕಿ, ಕೆಂಪು ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಮಳೆಗಾಲದಲ್ಲಿ ಕಡ್ಡಿಗಳು ರಿಮ್ಮಿಗೆ ಸೇರುವ ಕಡೆ ನೀರು ನಿಂತು ತುಕ್ಕು ಶುರುವಾಗುವುದರಿಂದ ಅಲ್ಲಿ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಒಣಗಿಸಿ, ತೆಳುವಾಗಿ ಎಣ್ಣೆ ಸವರುವುದು ಅಭ್ಯಾಸವಾಗಲಿ. ಗಿರಿಯಿಂದ ಇಳಿದ ದಿನ ಸಂಜೆ ನಾನು ಮತ್ತೆ ಮೇನ್ ಸ್ಟ್ಯಾಂಡ್ ಹಾಕಿ, ಕೀಲಿಯಿಂದ ಒಂದೊಂದೇ ಕಡ್ಡಿ ತಟ್ಟುತ್ತ ಹೋದೆ. ಹಿಂದಿನ ಚಕ್ರದಲ್ಲಿ, ಗಾಳಿ ತುಂಬುವ ವಾಲ್ವಿನಿಂದ ನಾಲ್ಕನೆಯದು, ಮಂದವಾಗಿ ಸದ್ದು ಮಾಡಿತು. ಮರುದಿನ ಬೆಳಿಗ್ಗೆ ಮೆಕ್ಯಾನಿಕ್ ಅದರ ನಿಪ್ಪಲನ್ನು (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟನ್ನು) ಅರ್ಧ ಸುತ್ತು ಬಿಗಿ ಮಾಡಿ, ಚಕ್ರವನ್ನು ಒಮ್ಮೆ ಪೂರ್ತಿ ತಿರುಗಿಸಿ ನೋಡಿ, ಕೀಲಿಯನ್ನು ನನ್ನ ಕೈಗೇ ಕೊಟ್ಟು ತಟ್ಟಲು ಹೇಳಿದರು. ಈ ಸಲ ಅದೂ ಪಕ್ಕದ ಕಡ್ಡಿಗಳ ಸ್ವರದಲ್ಲೇ ನುಡಿಯಿತು.